ಸಮಜಾಯಿಷಿ ಯಾರು ಕೊಡಬೇಕು?

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ, ಈ ನಾಲ್ಕರಲ್ಲಿ ಯಾವ ತಾಲ್ಲೂಕು ಕಚೇರಿಯ ಮುಂದೆ ಅರ್ಧ ದಿನ ನಿಂತರೂ ಒಂದು ಮಾತು ಕಿವಿಗೆ ಬೀಳದೆ ಇರುವುದಿಲ್ಲ: 'ಕಾಲಂ 3, 9 ತಾಳೆ ಆಗ್ತಿಲ್ಲ.' ಜಮೀನಿರುವ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಉಳಿದವರಿಗಾಗಿ ಹೇಳುವುದಾದರೆ, ಪಹಣಿಯ 3ನೇ ಕಾಲಂನಲ್ಲಿ ಆ ಸರ್ವೆ ನಂಬರಿನ ಒಟ್ಟು ವಿಸ್ತೀರ್ಣ, ಅದರಲ್ಲಿ ಖರಾಬು ಎಷ್ಟು, ಖರಾಬು ಕಳೆದು ಉಳಿದದ್ದೆಷ್ಟು ಎಂಬ ಲೆಕ್ಕ ಇರುತ್ತದೆ. 9ನೇ ಕಾಲಂನಲ್ಲಿ ಹಕ್ಕುದಾರರ ಹೆಸರು, ಹೆಸರಿನ ಮುಂದೆ ಅವರವರ ಪಾಲಿನ ವಿಸ್ತೀರ್ಣ. ಪಾಲುಗಳನ್ನೆಲ್ಲ ಕೂಡಿದರೆ 3ನೇ ಕಾಲಂನಲ್ಲಿ ಉಳಿದ ವಿಸ್ತೀರ್ಣಕ್ಕೆ ಸಮ ಬರಬೇಕು. 3ರಲ್ಲಿ 2 ಎಕರೆ 10 ಗುಂಟೆ ಇದ್ದು, 9ರಲ್ಲಿರುವ ಮೂವರು ಅಣ್ಣತಮ್ಮಂದಿರ ಪಾಲು ಕೂಡಿದಾಗ 2 ಎಕರೆ 14 ಗುಂಟೆ ಆದರೆ, 4 ಗುಂಟೆ ಆಕಾಶದಿಂದ ಉದುರಿದ ಹಾಗಾಯಿತು. ಅದು ಸರಿಹೋಗುವವರೆಗೆ ಕ್ರಯ, ವಿಭಾಗ, ಪೌತಿ ಖಾತೆ ಎಲ್ಲಕ್ಕೂ ಅಡ್ಡಿ.

ಅರ್ಜಿ ಹಿಡಿದು ಬಂದ ಹಿರಿಯರು ಕೇಳುತ್ತಾರೆ: 'ಯಾಕಪ್ಪಾ ಆಗಲ್ಲ?' ಕಂಪ್ಯೂಟರಿನ ಮುಂದೆ ಕುಳಿತ ಹುಡುಗ ಹೇಳುತ್ತಾನೆ: 'ಸಿಸ್ಟಂ ತಗೋತಿಲ್ಲ ಯಜಮಾನ್ರೇ.'

ಈ ಉತ್ತರ ಸುಳ್ಳಲ್ಲ. ಹುಡುಗನಿಗೆ ಅದಕ್ಕಿಂತ ಹೆಚ್ಚು ತಿಳಿದಿಲ್ಲ, ತಿಳಿಯುವ ದಾರಿಯೂ ಅವನಿಗಿಲ್ಲ. ಆದರೆ ಆ ವಾಕ್ಯವನ್ನು ಸ್ವಲ್ಪ ತಿರುಗಿಸಿ ನೋಡಿ. ವ್ಯಾಕರಣದ ಪ್ರಕಾರ ಅದರಲ್ಲಿ ಕರ್ತೃಪದ ಇದೆ, ಹುಡುಕಿ ಹೊರಟರೆ ಕರ್ತೃ ಇಲ್ಲ. 'ಸಾಹೇಬರು ತಗೋತಿಲ್ಲ' ಅಂದಿದ್ದರೆ ಸಾಹೇಬರ ಬಾಗಿಲಿಗೆ ಹೋಗಬಹುದಿತ್ತು, ಜಗಳ ಕಾಯಬಹುದಿತ್ತು, ಮೇಲಿನವರಿಗೆ ದೂರು ಕೊಡಬಹುದಿತ್ತು. ಸಿಸ್ಟಂನ ಬಾಗಿಲು ಎಲ್ಲಿದೆ?

ಈಗ ಆ ಬಾಗಿಲು ತೆರೆಯಿತು ಎನ್ನುವವರು ಬಂದಿದ್ದಾರೆ. ಹಳೆಯ, ದೊಡ್ಡ, ಯಾರಿಗೂ ಪೂರ್ತಿ ಅರ್ಥವಾಗದ ತಂತ್ರಾಂಶವನ್ನು ಓದಿ, ಅದರ ಒಂದೊಂದು ಬಿಡಿಭಾಗವೂ ಏನು ಮಾಡುತ್ತದೆ ಎಂದು ಸಾದಾ ಮಾತಿನಲ್ಲಿ ವಿವರಿಸುವ ಎಐ ಏಜೆಂಟುಗಳು. ಆ ಏಜೆಂಟುಗಳ ಕೈಗೆ ಕೋಡಿನ ನಕ್ಷೆ ಬರೆದುಕೊಡುವ ವಿಶ್ಲೇಷಣಾ ಸಾಧನಗಳು. ನನ್ನ ಪ್ರಶ್ನೆ ಚಿಕ್ಕದು. ಅಂಥದ್ದೊಂದು ಸಾಧನವನ್ನು ತಾಲ್ಲೂಕು ಕಚೇರಿಯ ಆ ಮೇಜಿನ ಮೇಲೆ ಇಟ್ಟರೆ, ಅದು ಕೊಡುವ ವಿವರಣೆ ಆ ಹಿರಿಯರು ಕೇಳಿದ 'ಯಾಕೆ'ಗೆ ಉತ್ತರವಾಗುತ್ತದೆಯೇ?

ಸಾಧನ ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿಯದೆ ಇದಕ್ಕೆ ಉತ್ತರ ಹುಡುಕುವುದು ಸರಿಯಲ್ಲ. ಭಾಷಾ ಮಾದರಿಗೆ ಲಕ್ಷಾಂತರ ಸಾಲುಗಳ ಕೋಡನ್ನು ಒಟ್ಟಿಗೆ ಕೊಟ್ಟು 'ವಿವರಿಸು' ಅಂದರೆ ಅದು ತಬ್ಬಿಬ್ಬಾಗುತ್ತದೆ. ಒಂದು ಸಲಕ್ಕೆ ಅದು ಗಮನದಲ್ಲಿಟ್ಟುಕೊಳ್ಳಬಲ್ಲ ಪಠ್ಯಕ್ಕೆ ಮಿತಿ ಇದೆ. ಮಿತಿ ಮೀರಿದ ಕಡೆ ಅದು ತನಗೆ ಕಾಣದ್ದನ್ನು ಊಹಿಸಿ ತುಂಬಿಬಿಡುತ್ತದೆ. ಆದ್ದರಿಂದ ನಡುವೆ ಒಂದು ಸಾಧನ ಬೇಕು. ಅದು ಮೊದಲು ಕೋಡನ್ನು ವ್ಯಾಕರಣದ ಪ್ರಕಾರ ಬಿಡಿಸಿ ಮರದಾಕಾರದಲ್ಲಿ ಜೋಡಿಸುತ್ತದೆ, ನಾವು ಶಾಲೆಯಲ್ಲಿ ವಾಕ್ಯವನ್ನು ಕರ್ತೃ, ಕರ್ಮ, ಕ್ರಿಯೆ ಎಂದು ಬಿಡಿಸುತ್ತಿದ್ದಂತೆ. ಆಮೇಲೆ ಯಾವ ಫಂಕ್ಷನ್ ಯಾವುದನ್ನು ಕರೆಯುತ್ತದೆ, ಯಾವ ಮೌಲ್ಯ ಎಲ್ಲಿ ಹುಟ್ಟಿ ಎಲ್ಲಿಗೆ ಹರಿಯುತ್ತದೆ, ಒಂದನ್ನು ಬದಲಿಸಿದರೆ ಯಾವುದೆಲ್ಲ ಅಲುಗಾಡುತ್ತದೆ ಎಂಬ ಸಂಬಂಧಗಳ ಜಾಲ ಕಟ್ಟುತ್ತದೆ. ಏಜೆಂಟ್ ಕೇಳಿದಾಗ ಇಡೀ ಗ್ರಂಥವನ್ನು ಸುರಿಯದೆ, ಬೇಕಾದ ಭಾಗವನ್ನು ಅದರ ನೆಂಟರಿಷ್ಟರೊಂದಿಗೆ ಎತ್ತಿ ಕೊಡುತ್ತದೆ. ಇದರಲ್ಲಿ ಹಲವು ತಂತ್ರಗಳು ಹೊಸವೇನಲ್ಲ. ಕೋಡ್ ಬರೆಯುವ ಎಡಿಟರುಗಳಿಗೂ ಇಂಥ ವಿಶ್ಲೇಷಕಗಳಿಗೂ ನಡುವೆ ಒಂದು ಸಮಾನ ಭಾಷೆಯನ್ನು ಮೈಕ್ರೋಸಾಫ್ಟ್ 2016ರಲ್ಲೇ ರೂಪಿಸಿತ್ತು. ಹೊಸದೇನೆಂದರೆ, ಆಗ ಓದುವವನು ಮನುಷ್ಯನಾಗಿದ್ದ. ಈಗ ಓದಿ ಮನುಷ್ಯನಿಗೆ ಹೇಳುವುದು ಏಜೆಂಟ್.

ಒಳ್ಳೆಯ ಸಾಧನ ಸಿಕ್ಕರೆ ಏಜೆಂಟಿನ ಕಲ್ಪನಾವಿಲಾಸ ಬಹಳ ಕಡಿಮೆಯಾಗುತ್ತದೆ. ಇದು ನಿಜ, ಮತ್ತು ದೊಡ್ಡ ಮಾತು. ನಮ್ಮ ವ್ಯಾಖ್ಯಾನ ಪರಂಪರೆಯಲ್ಲಿ ಟೀಕಾಕಾರನ ಮೊದಲ ಗುಣವೇ ಮೂಲದ ಕಡೆಗಿನ ನಿಷ್ಠೆ. ಮಲ್ಲಿನಾಥ ಸೂರಿಯನ್ನು ಇವತ್ತಿಗೂ ನೆನೆಯುವುದು ಆ ಕಾರಣಕ್ಕೆ. ಕೋಡ್ ವಿಶ್ಲೇಷಣಾ ಸಾಧನ ಏಜೆಂಟನ್ನು ಮೂಲಕ್ಕೆ ಕಟ್ಟಿಹಾಕುವ ಹಗ್ಗ.

ಭೂಮಿ ತಂತ್ರಾಂಶದ ಕೋಡ್ ನಮ್ಮ ನಿಮ್ಮ ಕೈಗೆ ಸಿಗುವಂಥದ್ದಲ್ಲ, ಹಾಗಾಗಿ ಊಹಿಸಿಕೊಳ್ಳೋಣ. ಅಂಥದ್ದೊಂದು ತಂತ್ರಾಂಶದಲ್ಲಿ 3 ಮತ್ತು 9ನೇ ಕಾಲಂ ತಾಳೆ ನೋಡುವ ಒಂದು ಫಂಕ್ಷನ್ ಇದೆ. ಏಜೆಂಟ್ ಅದನ್ನು ಹೀಗೆ ವಿವರಿಸುತ್ತದೆ: 'ಈ ಭಾಗವು ಒಂದು ಸರ್ವೆ ನಂಬರಿನ ಎಲ್ಲ ಹಕ್ಕುದಾರರ ವಿಸ್ತೀರ್ಣವನ್ನು ಗುಂಟೆಗೆ ಪರಿವರ್ತಿಸಿ ಕೂಡುತ್ತದೆ; ಖರಾಬು ಕಳೆದ ವಿಸ್ತೀರ್ಣದೊಂದಿಗೆ ಹೋಲಿಸುತ್ತದೆ; ವ್ಯತ್ಯಾಸವಿದ್ದರೆ ಹಕ್ಕು ಬದಲಾವಣೆಯ ಅರ್ಜಿಯನ್ನು ತಡೆಯುತ್ತದೆ. ದಾಖಲೆಗಳ ನಿಖರತೆಯನ್ನು ಕಾಪಾಡುವುದು ಇದರ ಉದ್ದೇಶ.'

ಚೆನ್ನಾಗಿದೆ. 'ಸಿಸ್ಟಂ ತಗೋತಿಲ್ಲ' ಎನ್ನುವುದಕ್ಕಿಂತ ನೂರು ಪಾಲು ಮೇಲು. ಆದರೆ ಕೊನೆಯ ವಾಕ್ಯವನ್ನು ಇನ್ನೊಮ್ಮೆ ಓದಿ. ಮೊದಲ ವಾಕ್ಯದಲ್ಲಿ ಇರುವುದೆಲ್ಲ ಕೋಡಿನಲ್ಲಿದೆ, ಬೆರಳಿಟ್ಟು ತೋರಿಸಬಹುದು. 'ಉದ್ದೇಶ' ಎಂಬ ಮಾತು ಕೋಡಿನಲ್ಲಿ ಎಲ್ಲಿದೆ? ಎಲ್ಲೂ ಇಲ್ಲ. ಅದು ಏಜೆಂಟ್ ತಂದು ಸೇರಿಸಿದ್ದು. ಇಂಥ ತಪಾಸಣೆಗಳು ಸಾಮಾನ್ಯವಾಗಿ ನಿಖರತೆಗಾಗಿ ಇರುತ್ತವೆ ಎಂದು ಅದು ಓದಿದ ಸಾವಿರಾರು ಕೋಡುಗಳಿಂದ ಅದಕ್ಕೆ ಅನಿಸಿದೆ. ಊಹೆ ಸರಿ ಇರಬಹುದು. ಆದರೆ ಎರಡು ವಾಕ್ಯಗಳೂ ಒಂದೇ ದನಿಯಲ್ಲಿ, ಒಂದೇ ನೆಮ್ಮದಿಯಲ್ಲಿ ಬಂದಿವೆ. ಕಂಡದ್ದು ಯಾವುದು, ಅನಿಸಿದ್ದು ಯಾವುದು ಎಂದು ಓದುವವನಿಗೆ ಗೊತ್ತಾಗುವುದಿಲ್ಲ.

ಆ ಹಿರಿಯರ 'ಯಾಕೆ'ಯಲ್ಲಿ ಕಡಿಮೆಯೆಂದರೂ ಮೂರು ಪ್ರಶ್ನೆಗಳಿವೆ. ಕಂಪ್ಯೂಟರ್ ಏನನ್ನು ನೋಡಿ ತಡೆಯಿತು ಎಂಬುದು ಒಂದು. ಅಲ್ಲೇ ತಡೆಯಬೇಕು ಎಂದು ಯಾರು, ಯಾವಾಗ, ಏನನ್ನು ಯೋಚಿಸಿ ನಿರ್ಧರಿಸಿದರು ಎಂಬುದು ಎರಡನೆಯದು. ಎಚ್ಚರಿಕೆ ಕೊಟ್ಟು ಮುಂದೆ ಬಿಡಬಹುದಿತ್ತಲ್ಲ, 4 ಗುಂಟೆಯ ಗೊಂದಲಕ್ಕೆ ಇಡೀ 2 ಎಕರೆಯನ್ನು ಯಾಕೆ ಕಟ್ಟಿಹಾಕಬೇಕು? ಮೂರನೆಯದು, ಆ 4 ಗುಂಟೆ ಎಲ್ಲಿಂದ ಬಂತು? ತಾತನ ಕಾಲದಲ್ಲಿ ಅಂದಾಜಿನ ಮೇಲೆ ಕ್ರಯಪತ್ರ ಬರೆದರೇ? ಬಂಡೆ ಇದ್ದ ಜಾಗದ ಖರಾಬನ್ನು ಒಂದು ಕಡೆ ಕಳೆದು ಇನ್ನೊಂದು ಕಡೆ ಕಳೆಯದೆ ಬಿಟ್ಟರೇ? ಕೈಬರಹದ ಪುಸ್ತಕದಿಂದ ಕಂಪ್ಯೂಟರಿಗೆ ಏರಿಸುವಾಗ 0 ಅನ್ನು 4 ಎಂದು ಓದಿದರೇ? ಮೊದಲನೆಯದಕ್ಕೆ ಸಾಧನ ನಿಖರವಾಗಿ ಉತ್ತರಿಸುತ್ತದೆ. ಎರಡನೆಯದನ್ನು ಊಹಿಸುತ್ತದೆ. ಮೂರನೆಯದು ಕೋಡಿನ ಒಳಗೆ ಇಲ್ಲವೇ ಇಲ್ಲ, ಹೊಲದ ಬದುವಿನಲ್ಲಿದೆ, ರೆಕಾರ್ಡ್ ರೂಮಿನ ಧೂಳಿನಲ್ಲಿದೆ.

ನಮ್ಮ ಕಚೇರಿ ಕನ್ನಡದಲ್ಲಿ ಇದಕ್ಕೆ ಒಂದು ಸೊಗಸಾದ ಪದವಿದೆ: ಸಮಜಾಯಿಷಿ. ವಿವರಣೆಯನ್ನು ಯಾರು ಬೇಕಾದರೂ ಕೊಡಬಹುದು. ಗಡಿಯಾರ ಹೇಗೆ ಓಡುತ್ತದೆ ಎಂದು ಗಡಿಯಾರ ಮಾಡದವನೂ ವಿವರಿಸಬಲ್ಲ. ಸಮಜಾಯಿಷಿ ಹಾಗಲ್ಲ. ಯಾರನ್ನು ಕೇಳಲಾಯಿತೋ ಅವರೇ ಕೊಡಬೇಕು, ಲಿಖಿತವಾಗಿ, ಸಹಿ ಹಾಕಿ, ಗಡುವಿನೊಳಗೆ. ಅದು ಒಪ್ಪಿತವಾಗದಿದ್ದರೆ ಪರಿಣಾಮವನ್ನೂ ಅವರೇ ಅನುಭವಿಸಬೇಕು. ಎಐ ವಿವರಣೆಗಳ ಕುರಿತ ಚರ್ಚೆಯಲ್ಲಿ ಬಹುಪಾಲು ಗೊಂದಲ ಈ ಎರಡನ್ನು ಒಂದೇ ಎಂದುಕೊಳ್ಳುವುದರಿಂದ ಹುಟ್ಟುತ್ತದೆ ಎಂದು ನನ್ನ ಅಭಿಪ್ರಾಯ.

ಇಲ್ಲಿಗೆ ಬಂದಾಗ 'ಹಳೆಯ ಕಾಲವೇ ಚೆನ್ನಾಗಿತ್ತು, ಮನುಷ್ಯರು ಲೆಕ್ಕ ಬರೆಯುತ್ತಿದ್ದರು, ಕೇಳಿದರೆ ಹೇಳುತ್ತಿದ್ದರು' ಎಂಬ ಕಡೆಗೆ ಮನಸ್ಸು ಜಾರುತ್ತದೆ. ಜಾರಬಾರದು. ಶಾನುಭೋಗರ ಕಾಲವನ್ನು ಕಂಡವರ ನೆನಪುಗಳು ಅಷ್ಟು ಸಿಹಿಯಾಗಿಲ್ಲ. ಊರಿನ ಯಾವ ತುಂಡು ಯಾರದು, ಯಾವ ನಾಲ್ಕು ಗುಂಟೆ ಎಲ್ಲಿಂದ ಎಲ್ಲಿಗೆ ಸರಿಯಿತು ಎಂಬುದೆಲ್ಲ ಅವರ ತಲೆಯಲ್ಲಿತ್ತು, ಅವರ ಪೆಟ್ಟಿಗೆಯಲ್ಲಿತ್ತು, ಅವರಿಗಷ್ಟೇ ಓದಲು ಬರುವ ಮೋಡಿ ಅಕ್ಷರದಲ್ಲಿತ್ತು. ವಂಶಪಾರಂಪರ್ಯವಾಗಿ ಬಂದ ಆ ಹುದ್ದೆಗಳನ್ನು 1961ರ ಕಾಯ್ದೆ ರದ್ದು ಮಾಡಿತು. ಆಮೇಲೆ ಬಂದ ಗ್ರಾಮಲೆಕ್ಕಿಗರ ಕಾಲದಲ್ಲೂ ಪುಸ್ತಕ ಒಬ್ಬರ ಕಂಕುಳಲ್ಲೇ ಇತ್ತು. ಕೇಳಿದರೆ ಹೇಳುವವರು ಇದ್ದರು ನಿಜ, ಕೇಳುವ ಧೈರ್ಯ ಎಷ್ಟು ಜನರಿಗಿತ್ತು? ಕೇಳಿದವನಿಗೆ ಏನು ಖರ್ಚಾಗುತ್ತಿತ್ತು?

ಭೂಮಿ ಯೋಜನೆ ಹೊಸ ಶತಮಾನದ ಆರಂಭದಲ್ಲಿ ಸುಮಾರು 2 ಕೋಟಿ ಪಹಣಿಗಳನ್ನು, 67 ಲಕ್ಷದಷ್ಟು ಹಿಡುವಳಿದಾರರ ಲೆಕ್ಕವನ್ನು ಕಂಪ್ಯೂಟರಿಗೆ ತಂದಾಗ ಮುರಿದದ್ದು ಈ ಏಕಸ್ವಾಮ್ಯವನ್ನು. 15 ರೂಪಾಯಿ ಕೊಟ್ಟರೆ ಯಾರಾದರೂ ಯಾವ ಸರ್ವೆ ನಂಬರಿನ ಪಹಣಿಯನ್ನಾದರೂ ಪಡೆಯಬಹುದಾಯಿತು. ಹಕ್ಕು ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ಎತ್ತಿಕೊಳ್ಳಬೇಕು ಎಂಬ ನಿಯಮವನ್ನು ತಂತ್ರಾಂಶದಲ್ಲೇ ಕೂರಿಸಿದರು. ಹಿಂದಿನದನ್ನು ಮುಂದೆ ತರುವ ಅಧಿಕಾರ ಮೇಜಿನ ಆಚೆ ಕುಳಿತವನ ಕೈಯಿಂದ ಹೋಯಿತು. ಕಿಯೋಸ್ಕಿನಲ್ಲಿ ರೈತನ ಕಡೆಗೆ ಮುಖಮಾಡಿದ ಎರಡನೆಯ ಪರದೆಯನ್ನೂ ಇಟ್ಟಿದ್ದರು. ಇದೊಂದು ಸಣ್ಣ ವಿವರ, ನನಗೆ ಬಹಳ ಇಷ್ಟವಾದದ್ದು. ಒಂದು ಸರ್ಕಾರಿ ಮೇಜಿನ ಇತಿಹಾಸದಲ್ಲಿ ಪರದೆ ಜನರ ಕಡೆಗೆ ತಿರುಗಿದ್ದು ಕಡಿಮೆ ಸಂಗತಿಯಲ್ಲ. ಗಣಕೀಕರಣವನ್ನು ಟೀಕಿಸಿದವರೂ ಇದ್ದಾರೆ. ಬೆಂಗಳೂರಿನ ಸುತ್ತಲಿನ ಜಮೀನು ದೊಡ್ಡ ಖರೀದಿದಾರರ ಕೈಗೆ ಸುಲಭವಾಗಿ ಸಿಗುವಂತಾಗಲು ಇದೇ ದಾರಿಯಾಯಿತು ಎಂದು ಸಾಲೊಮನ್ ಬೆಂಜಮಿನ್ ಮತ್ತು ಸಂಗಡಿಗರು 2007ರಲ್ಲಿ ವಾದಿಸಿದ್ದರು. ಬೆಂಗಳೂರು ಈ ನಾಲ್ಕು ತಾಲ್ಲೂಕುಗಳ ಕಡೆಗೆ ಹೇಗೆ ಬೆಳೆದಿದೆ ಎಂಬುದನ್ನು ಬಿಡದಿಯ ರಸ್ತೆಯಲ್ಲಿ ಓಡಾಡುವವರು ಬಲ್ಲರು. ಆ ವಾದದ ತೂಕ ಬೇರೆ ದಿನಕ್ಕಿರಲಿ.

ಇಷ್ಟು ಹೇಳಿದ ಮೇಲೆ, ತಂತ್ರಾಂಶವನ್ನು ಬಿಚ್ಚಿ ವಿವರಿಸುವ ಸಾಧನ ಭೂಮಿಯ ಆ ಎರಡನೆಯ ಪರದೆಯ ಮುಂದಿನ ಹೆಜ್ಜೆ ಎಂದು ಯಾರಾದರೂ ವಾದಿಸಿದರೆ ನಾನು ಅರ್ಧ ಒಪ್ಪುತ್ತೇನೆ. ಯಾಕೆಂದರೆ ಶಾನುಭೋಗರು ಹೋಗಿ ತಂತ್ರಾಂಶ ಬಂದರೂ ಒಂದು ಏಕಸ್ವಾಮ್ಯ ಉಳಿದೇ ಇತ್ತು. ಈಗ ಅದು ಕೋಡ್ ಬರೆದವರ ತಲೆಯಲ್ಲಿದೆ.

ಡೆನ್ಮಾರ್ಕಿನ ಕಂಪ್ಯೂಟರ್ ವಿಜ್ಞಾನಿ ಪೀಟರ್ ನೌರ್ 1985ರಲ್ಲಿ ಒಂದು ಪ್ರಬಂಧ ಬರೆದ. ಪ್ರೋಗ್ರಾಂ ಎಂದರೆ ಬರೆದಿಟ್ಟ ಸಾಲುಗಳಲ್ಲ ಎಂಬುದು ಅದರ ಸಾರ. ನಿಜವಾದ ಪ್ರೋಗ್ರಾಂ ಬರೆದವರ ಮನಸ್ಸಿನಲ್ಲಿರುವ ಒಂದು ತಿಳಿವು. ಲೋಕದ ಯಾವ ಸಂಗತಿಗೆ ಕೋಡಿನ ಯಾವ ಭಾಗ ಹೊಂದುತ್ತದೆ, ಯಾಕೆ ಹೀಗೆ ಮಾಡಿ ಹಾಗೆ ಮಾಡಲಿಲ್ಲ, ಹೊಸ ಬೇಡಿಕೆ ಬಂದರೆ ಎಲ್ಲಿ ಕೈಹಾಕಬೇಕು ಎಂಬ ತಿಳಿವು. ಆ ತಿಳಿವನ್ನು ಹೊತ್ತವರು ಚದುರಿದರೆ ಪ್ರೋಗ್ರಾಂ ಓಡುತ್ತಿದ್ದರೂ ಸತ್ತಂತೆ, ಕಾಗದಪತ್ರ ಓದಿ ಅದನ್ನು ಮತ್ತೆ ಜೀವಂತಗೊಳಿಸುವುದು ಆಗದ ಮಾತು ಎಂದು ಅವನು ಸ್ವಲ್ಪ ಕಠೋರವಾಗಿಯೇ ಹೇಳಿದ.

ಚನ್ನಪಟ್ಟಣದ ಗೊಂಬೆ ಮಾಡುವವರನ್ನು ನೋಡಿದರೆ ನೌರ್ ಹೇಳಿದ್ದು ಬೇಗ ಅರ್ಥವಾಗುತ್ತದೆ. ಆಲೆಮರದ ತುಂಡನ್ನು ಲೇತಿಗೆ ಸಿಕ್ಕಿಸಿ, ತಿರುಗುತ್ತಿರುವಾಗಲೇ ಉಳಿ ಹಿಡಿದು ರೂಪ ಕೊಟ್ಟು, ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತುತ್ತಾರೆ. ಉಜ್ಜಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಆಮೇಲೆ ಗರಿಯಿಂದ ಹೊಳಪು. ಗೊಂಬೆಯ ತಲೆ, ಮೈ, ಚಕ್ರ, ಅಚ್ಚು ಒಂದೊಂದರ ಅಳತೆಯನ್ನೂ ಮಿಲಿಮೀಟರ್ ಲೆಕ್ಕದಲ್ಲಿ ಬರೆದಿಡಬಹುದು. ಕಡ್ಡಿಯನ್ನು ಎಷ್ಟು ಒತ್ತಬೇಕು, ಈ ಮರ ಇನ್ನೂ ಹಸಿ ಇದೆ ಎಂದು ಕೈಗೆ ಹೇಗೆ ಗೊತ್ತಾಗುತ್ತದೆ, ಈ ಅಂಚನ್ನು ಇಷ್ಟು ದುಂಡಗೆ ಯಾಕೆ ಮಾಡಿದೆವು ಎಂಬುದು ಅಳತೆಯ ಪಟ್ಟಿಯಲ್ಲಿ ಬರುವುದಿಲ್ಲ. ಅಂಚು ದುಂಡಗಿರುವುದು ಅಂದಕ್ಕಲ್ಲ, ಮಗು ಬಾಯಿಗೆ ಹಾಕಿಕೊಳ್ಳುತ್ತದೆ ಎಂದು. ಗೊಂಬೆಯನ್ನು ಸಾವಿರ ಸಲ ಸ್ಕ್ಯಾನ್ ಮಾಡಿದರೂ ಅದರೊಳಗೆ ಮಗು ಸಿಗುವುದಿಲ್ಲ.

ಆದರೂ ನೌರನ ಮಾತನ್ನು ಇಡಿಯಾಗಿ ನುಂಗಲು ನನಗೆ ಕಷ್ಟ. ತಿಳಿವು ತಲೆಯಿಂದ ತಲೆಗೆ ಮಾತ್ರ ಹೋಗಬಲ್ಲದು, ಬರಹದಲ್ಲಿ ನಿಲ್ಲದು ಎಂದರೆ ನಾವು ಮತ್ತೆ ಶಾನುಭೋಗರ ಪೆಟ್ಟಿಗೆಗೆ ವಾಪಸಾದೆವು. ಮಾಗಡಿ, ಕನಕಪುರದ ಕಡೆಯಿಂದ ದಿನಾ ಬೆಂಗಳೂರಿಗೆ ಬಸ್ಸು ಹತ್ತಿ ಹೋಗಿ, ತಾವು ಹುಟ್ಟುವ ಮುಂಚೆ ಯಾರೋ ಬರೆದ ಕೋಡನ್ನು ನೋಡಿಕೊಳ್ಳುವ ಕೆಲಸ ಮಾಡುವ ಹುಡುಗ ಹುಡುಗಿಯರಿದ್ದಾರೆ. ಇದನ್ನು ಓದುತ್ತಿರುವ ವಿದ್ಯಾರ್ಥಿಗಳಲ್ಲಿ ಕೆಲವರು ನಾಳೆ ಅದೇ ಕೆಲಸಕ್ಕೆ ಹೋಗುತ್ತೀರಿ. ಅವರಿಗೆ ಇಂಥ ಸಾಧನ ಎಂದರೆ, ಹಿರಿಯ ಸಹೋದ್ಯೋಗಿಯ ಮರ್ಜಿ ಕಾಯದೆ ಪ್ರಶ್ನೆ ಕೇಳುವ ಸ್ವಾತಂತ್ರ್ಯ. 'ಇಷ್ಟೂ ಗೊತ್ತಿಲ್ವಾ' ಎಂಬ ಮಾತು ಕೇಳಿಸಿಕೊಳ್ಳದೆ ಕಲಿಯುವ ಅವಕಾಶ. ಅದನ್ನು ತತ್ವದ ಹೆಸರಿನಲ್ಲಿ ಕಸಿಯುವುದು ಕ್ರೌರ್ಯ.

ಹೀಗಾಗಿ ವಿವರಣೆ ಬೇಕೋ ಬೇಡವೋ ಎಂಬುದು ಪ್ರಶ್ನೆಯಲ್ಲ. ಯಂತ್ರದ ವಿವರಣೆ ಸಮಜಾಯಿಷಿಯ ಕುರ್ಚಿಯಲ್ಲಿ ಕುಳಿತುಬಿಟ್ಟರೆ ಏನಾಗುತ್ತದೆ ಎಂಬುದು ಪ್ರಶ್ನೆ.

ಕುಳಿತುಬಿಡುತ್ತದೆ ಎಂಬ ಅನುಮಾನಕ್ಕೆ ಕಾರಣವಿದೆ. ಎಲೆನ್ ಲ್ಯಾಂಗರ್ ಮತ್ತು ಸಂಗಡಿಗರು 1978ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಮನಶ್ಶಾಸ್ತ್ರದ ವಿದ್ಯಾರ್ಥಿಗಳಿಗೆಲ್ಲ ಗೊತ್ತು. ಜೆರಾಕ್ಸ್ ಯಂತ್ರದ ಮುಂದೆ ನಿಂತವರ ಬಳಿ ಹೋಗಿ '5 ಪುಟ ಇದೆ, ನಾನು ಮೊದಲು ಮಾಡಿಕೊಳ್ಳಲೇ' ಎಂದು ಸುಮ್ಮನೆ ಕೇಳಿದಾಗ ನೂರಕ್ಕೆ 60 ಜನ ಒಪ್ಪಿದರು. 'ನನಗೆ ಅವಸರ ಇದೆ' ಎಂಬ ಕಾರಣ ಕೊಟ್ಟಾಗ 94. 'ಯಾಕೆಂದರೆ ನಾನು ಪ್ರತಿ ಮಾಡಿಕೊಳ್ಳಬೇಕು' ಎಂಬ, ಕಾರಣವೇ ಅಲ್ಲದ ಕಾರಣ ಕೊಟ್ಟಾಗಲೂ 93. 'ಯಾಕೆಂದರೆ' ಎಂಬ ಪದವೇ ಸಾಕಾಯಿತು. ಈ ಪ್ರಯೋಗವನ್ನು ಹೇಳುವವರು ಅದರ ಇನ್ನೊಂದು ಭಾಗವನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ಪುಟಗಳು 20 ಆದಾಗ ಪೊಳ್ಳು ಕಾರಣ ಕೆಲಸ ಮಾಡಲಿಲ್ಲ. ಒಪ್ಪಿದವರು 24, ಕಾರಣವನ್ನೇ ಕೊಡದಿದ್ದಾಗಲೂ ಅಷ್ಟೇ. ನಿಜವಾದ ಕಾರಣಕ್ಕೆ 42. ಎಂದರೆ ತನಗೆ ತಾಗುವ ನಷ್ಟ ದೊಡ್ಡದಾದಾಗ ಮನುಷ್ಯ ಕಾರಣದ ಒಳಗೆ ಏನಿದೆ ಎಂದು ಇಣುಕುತ್ತಾನೆ. ತಾಲ್ಲೂಕು ಕಚೇರಿಯ ಮೇಜಿನ ಒಂದು ಕಡೆ ಕುಳಿತವರಿಗೆ ಅದು 5 ಪುಟದ ವಿಷಯ, ಇನ್ನೊಂದು ಕಡೆ ನಿಂತವರಿಗೆ 20 ಪುಟದ್ದು. ಏಜೆಂಟಿನ ವಿವರಣೆಯನ್ನು ಓದಿ 'ಸರಿ' ಒತ್ತುವವರು ಮೊದಲನೆಯವರು.

ಇನ್ನೊಂದು ಮಾತು. ಭಾಷಾ ಮಾದರಿಗಳು ತಮ್ಮದೇ ಉತ್ತರಕ್ಕೆ ಕೊಡುವ ಕಾರಣವೂ ನಿಜವಾದ ಕಾರಣವಾಗಿರಬೇಕಿಲ್ಲ. 2023ರಲ್ಲಿ ಮೈಲ್ಸ್ ಟರ್ಪಿನ್ ಮತ್ತು ಸಂಗಡಿಗರು, ಮಾದರಿಗೆ ತೋರಿಸಿದ ಉದಾಹರಣೆಗಳಲ್ಲೆಲ್ಲ ಸರಿಯುತ್ತರ ಮೊದಲನೆಯ ಆಯ್ಕೆಯೇ ಆಗಿರುವಂತೆ ಜೋಡಿಸಿದರು. ಮಾದರಿ ಅದರಿಂದ ಪ್ರಭಾವಿತವಾಗಿ ತಪ್ಪು ಆಯ್ಕೆ ಮಾಡಿತು, ಆದರೆ ತನ್ನ ತರ್ಕವನ್ನು ವಿವರಿಸುವಾಗ ಆ ಪ್ರಭಾವವನ್ನು ಹೇಳಲಿಲ್ಲ, ಬೇರೆ ಸಮಂಜಸ ಕಾರಣಗಳನ್ನು ಹೆಣೆಯಿತು. ತನ್ನ ಬಗ್ಗೆಯೇ ಹೀಗೆ ಹೆಣೆಯುವುದು, 25 ವರ್ಷದ ಹಿಂದಿನ ಪ್ರೋಗ್ರಾಮರನ ಮನಸ್ಸಿನ ಬಗ್ಗೆ ಹೆಣೆಯಲಾರದೇ?

ನಂತರ ಹೊಲಿದ ಕಾರಣಗಳ ಬಗ್ಗೆ ನಮ್ಮ ನ್ಯಾಯಾಲಯ ಬಹಳ ಹಿಂದೆಯೇ ಯೋಚಿಸಿದೆ. ಮೊಹಿಂದರ್ ಸಿಂಗ್ ಗಿಲ್ ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಒಂದು ತತ್ವವನ್ನು ಎತ್ತಿಹಿಡಿಯಿತು. ಕಾನೂನುಬದ್ಧ ಅಧಿಕಾರಿಯೊಬ್ಬ ಕೆಲವು ಕಾರಣಗಳನ್ನು ಕೊಟ್ಟು ಆದೇಶ ಹೊರಡಿಸಿದರೆ, ಆ ಆದೇಶ ನಿಲ್ಲಬೇಕಾದದ್ದು ಅಥವಾ ಬೀಳಬೇಕಾದದ್ದು ಆ ಕಾರಣಗಳ ಮೇಲೆಯೇ. ಆಮೇಲೆ ಕೋರ್ಟಿಗೆ ಬಂದು ಪ್ರಮಾಣಪತ್ರದಲ್ಲಿ ಹೊಸ ಕಾರಣ ಸೇರಿಸಿ ಹಳೆಯ ಆದೇಶವನ್ನು ಗಟ್ಟಿ ಮಾಡಿಕೊಳ್ಳಲು ಬಿಡುವುದಿಲ್ಲ. ಮಾಹಿತಿ ಹಕ್ಕು ಕಾಯ್ದೆ, 2005 ಕೂಡ ತನ್ನ 4ನೇ ಸೆಕ್ಷನ್ನಿನಲ್ಲಿ, ಆಡಳಿತಾತ್ಮಕ ತೀರ್ಮಾನದಿಂದ ಬಾಧಿತರಾದವರಿಗೆ ಅದರ ಕಾರಣ ತಿಳಿಸುವುದು ಕರ್ತವ್ಯ ಎನ್ನುತ್ತದೆ. ಕಾರಣ ಎಂದರೆ ತೀರ್ಮಾನ ಮಾಡಿದ ಹೊತ್ತಿನಲ್ಲಿ ಇದ್ದ ಕಾರಣ, ಈಗ ಚೆನ್ನಾಗಿ ಕೇಳಿಸುವ ಕಾರಣವಲ್ಲ. ಹಳೆಯ ಕೋಡಿಗೆ ಎಐ ಬರೆಯುವ ಉದ್ದೇಶವಿವರಣೆ, ನೋಡಿದರೆ, ಕೋರ್ಟು ಬೇಡವೆಂದ ಆ ಪ್ರಮಾಣಪತ್ರದ ಜಾತಿಯದೇ.

ಕಾರಣವಿಲ್ಲದ ಸಿಸ್ಟಂನ ಮಾತು ಎಲ್ಲಿಯವರೆಗೆ ಹೋಗಬಹುದು ಎಂಬುದನ್ನು ಬ್ರಿಟನ್ ಕಂಡಿದೆ. ಅಲ್ಲಿನ ಅಂಚೆ ಕಚೇರಿಗಳ ಹೊರೈಸನ್ ಎಂಬ ಲೆಕ್ಕದ ತಂತ್ರಾಂಶ ತೋರಿಸಿದ ಕೊರತೆಯನ್ನು ನಂಬಿ 1999ರಿಂದ 2015ರವರೆಗೆ 900ಕ್ಕೂ ಹೆಚ್ಚು ಜನರನ್ನು ಕಳ್ಳತನ, ವಂಚನೆಯಂಥ ಅಪರಾಧಗಳಲ್ಲಿ ಶಿಕ್ಷೆಗೆ ಗುರಿಮಾಡಿದರು. ಸಣ್ಣ ಊರುಗಳಲ್ಲಿ ಅಂಚೆ ಕಚೇರಿ ನಡೆಸುತ್ತಿದ್ದವರು. ಮನೆ ಮಾರಿ ಇಲ್ಲದ ಹಣವನ್ನು ಕಟ್ಟಿದವರಿದ್ದಾರೆ. ತಂತ್ರಾಂಶದಲ್ಲಿ ದೋಷಗಳಿದ್ದವು ಎಂದು ಹೈಕೋರ್ಟ್ ಹೇಳಿದ್ದು 2019ರಲ್ಲಿ, ಶಿಕ್ಷೆಗಳನ್ನು ಸಾಮೂಹಿಕವಾಗಿ ರದ್ದು ಮಾಡುವ ಕಾಯ್ದೆ ಬಂದದ್ದು 2024ರಲ್ಲಿ. ಕಂಪ್ಯೂಟರ್ ಸರಿಯಾಗಿಯೇ ಕೆಲಸ ಮಾಡುತ್ತಿದೆ ಎಂದು ಭಾವಿಸುವುದು ಅಲ್ಲಿನ ಕಾನೂನಿನ ರೂಢಿಯಾಗಿತ್ತು. ಅಲ್ಲ ಎಂದು ತೋರಿಸುವ ಹೊರೆ ಕೋಡನ್ನು ಕಣ್ಣಿಂದಲೂ ನೋಡದವರ ಮೇಲೆ ಬಿತ್ತು. ನಮ್ಮ ಭೂಕಂದಾಯ ಕಾಯ್ದೆ, 1964ರ 133ನೇ ಸೆಕ್ಷನ್ ಕೂಡ ಹಕ್ಕು ದಾಖಲೆಯ ನಮೂದು ಬೇರೆ ಎಂದು ಸಾಬೀತಾಗುವವರೆಗೆ ಸತ್ಯ ಎಂದೇ ಭಾವಿಸುತ್ತದೆ. ಆ ನಿಯಮ ತಪ್ಪು ಎನ್ನುತ್ತಿಲ್ಲ, ಅದಿಲ್ಲದೆ ಕಂದಾಯ ಆಡಳಿತ ನಡೆಯದು. ಆದರೆ ದಾಖಲೆಗೆ ಇಷ್ಟು ತೂಕ ಇರುವ ಕಡೆ, ದಾಖಲೆಯನ್ನು ತಡೆಯುವ ಬಿಡುವ ಕೋಡಿಗೂ ಅಷ್ಟೇ ತೂಕದ ಸಮಜಾಯಿಷಿ ಬೇಕು. ಕೋಡನ್ನು ಬಿಚ್ಚಿ ತೋರಿಸುವ ಸಾಧನ ಆರೋಪಿಗಳ ವಕೀಲರ ಕೈಯಲ್ಲಿ ಇದ್ದಿದ್ದರೆ ಹೊರೈಸನ್ ಪ್ರಕರಣದಲ್ಲಿ ಎಷ್ಟೋ ಜನ ಉಳಿಯುತ್ತಿದ್ದರು ಎಂಬುದನ್ನೂ ಹೇಳಬೇಕು. ಇಂಥ ಸಾಧನದ ಬಗ್ಗೆ ನನಗಿರುವ ಗೌರವ ಅದೇ ಕಾರಣಕ್ಕೆ. ಅದು ಯಾರ ಕಡೆ ಕುಳಿತಿದೆ ಎಂಬುದರ ಮೇಲೆ ಬಹಳಷ್ಟು ನಿಂತಿದೆ.

ಹಾಗಾದರೆ ಮಾಡಬೇಕಾದದ್ದೇನು? ಮೊದಲನೆಯದು ಸುಲಭ. ಏಜೆಂಟ್ ತಾನು ಕಂಡದ್ದನ್ನೂ ಊಹಿಸಿದ್ದನ್ನೂ ಬೇರೆ ಬೇರೆ ದನಿಯಲ್ಲಿ ಹೇಳಬೇಕು. ಕಂಡದ್ದಕ್ಕೆ ಸಾಲಿನ ಸಂಖ್ಯೆ ಕೊಡಲಿ. ಯಾಕೆ ಎಂಬ ಕಡೆ ಬದಲಾವಣೆಯ ಟಿಪ್ಪಣಿಯೋ, ಸುತ್ತೋಲೆಯ ಉಲ್ಲೇಖವೋ ಸಿಕ್ಕರೆ ತೋರಿಸಲಿ. ಇಲ್ಲದಿದ್ದರೆ 'ಕಾರಣ ದಾಖಲಾಗಿಲ್ಲ' ಎಂದು ಬರೆದು ಸುಮ್ಮನಾಗಲಿ. ಆ ಎರಡು ಪದ ನನಗೆ ಒಂದು ಪುಟದ ಸುಲಲಿತ ಊಹೆಗಿಂತ ದೊಡ್ಡದಾಗಿ ಕಾಣುತ್ತದೆ. ಖಾಲಿ ಜಾಗ ಖಾಲಿಯಾಗಿಯೇ ಕಂಡರೆ ಯಾರಾದರೂ ತುಂಬಬೇಕು ಎಂಬ ಒತ್ತಡ ಇರುತ್ತದೆ. ಚೆಂದದ ವಾಕ್ಯ ತುಂಬಿಬಿಟ್ಟರೆ ಆ ಒತ್ತಡವೇ ಮಾಯ.

ಎರಡನೆಯದು ಕಷ್ಟ. ಬರೆದವರು ನಿವೃತ್ತರಾಗಿ ಎಲ್ಲೋ ಇದ್ದಾರೆ, ಕಡತ ಸಿಗುತ್ತಿಲ್ಲ, ನಿಯಮ ಮಾತ್ರ ದಿನಾ ನೂರಾರು ಅರ್ಜಿಗಳನ್ನು ತಡೆಯುತ್ತಿದೆ. ಸಮಜಾಯಿಷಿ ಕೊಡುವವರೇ ಉಳಿದಿಲ್ಲದಾಗ ಯಾರನ್ನು ಕೇಳುವುದು? ನೌರನ ಕಠೋರ ಉತ್ತರದ ಪ್ರಕಾರ, ಸತ್ತ ಪ್ರೋಗ್ರಾಮನ್ನು ಬಿಟ್ಟು ಹೊಸದು ಬರೆಯಿರಿ. ಎರಡು ಕೋಟಿ ಪಹಣಿಯ ಮುಂದೆ ಅದು ಹೇಳಿದಷ್ಟು ಸುಲಭವಲ್ಲ. ನನಗೆ ತೋರುವ ದಾರಿ ಬೇರೆ. ಹಳೆಯ ಕಾರಣ ಸಿಗದಿದ್ದರೆ ಅದನ್ನು ಹುಟ್ಟಿಸುವುದು ಬೇಡ, ಹೊಸ ಕಾರಣವನ್ನು ಹೊತ್ತುಕೊಳ್ಳಬಹುದು. 'ಈ ತಡೆ ಅಂದು ಇಂಥ ಉದ್ದೇಶಕ್ಕೆ ಇತ್ತು' ಎನ್ನುವುದು ಇತಿಹಾಸದ ಬಗ್ಗೆ ಒಂದು ಹೇಳಿಕೆ, ಆಧಾರವಿಲ್ಲದಿದ್ದರೆ ಕಟ್ಟುಕಥೆ. 'ಈ ತಡೆಯನ್ನು ಇವತ್ತಿನಿಂದ ನಾನು ಇಂಥ ಕಾರಣಕ್ಕೆ ಮುಂದುವರಿಸುತ್ತಿದ್ದೇನೆ' ಎನ್ನುವುದು ತೀರ್ಮಾನ. ಅದಕ್ಕೆ ಹೆಸರಿದೆ, ದಿನಾಂಕವಿದೆ, ಮೇಲ್ಮನವಿಯ ದಾರಿ ಇದೆ. ಎರಡೂ ವಾಕ್ಯಗಳು ಒಂದೇ ಮಾಹಿತಿಯಿಂದ ಹುಟ್ಟಬಹುದು. ಎರಡನೆಯದನ್ನು ಯಂತ್ರ ಹೇಳಲಾಗದು. ಹೇಳುವ ಬುದ್ಧಿ ಅದಕ್ಕಿಲ್ಲ ಎಂದಲ್ಲ, ನಾಳೆ ಅದನ್ನು ಕರೆದು ನಿಲ್ಲಿಸಿ ಕೇಳುವುದು ಸಾಧ್ಯವಿಲ್ಲ.

ಹಾಗೆ ಹೊರಲು ಅಧಿಕಾರಿಗಳು ಮುಂದೆ ಬರುತ್ತಾರೆಯೇ ಎಂದು ಕೇಳಿದರೆ ನನಗೆ ಅಷ್ಟು ಭರವಸೆ ಇಲ್ಲ. 'ಎಐ ಹೀಗೆ ಹೇಳಿದೆ' ಎಂಬುದು 'ಸಿಸ್ಟಂ ತಗೋತಿಲ್ಲ' ಎಂಬುದಕ್ಕಿಂತ ಹೆಚ್ಚು ಬೆಚ್ಚಗಿನ ಹೊದಿಕೆ. ಮೊದಲನೆಯದರಲ್ಲಿ ಕನಿಷ್ಠ ಅಜ್ಞಾನವಾದರೂ ಕಾಣುತ್ತಿತ್ತು.

ಹೆಸರುಗಳ ವಿಷಯದಲ್ಲಿ ಈ ಜಿಲ್ಲೆಗೆ ಒಂದು ವಿಚಿತ್ರ ಅನುಭವವಿದೆ. ರಾಮನಗರ ಒಂದು ಕಾಲಕ್ಕೆ ಬ್ರಿಟಿಷ್ ಅಧಿಕಾರಿ ಬ್ಯಾರಿ ಕ್ಲೋಸ್‌ನ ಹೆಸರಿನಲ್ಲಿ ಕ್ಲೋಸ್‌ಪೇಟೆಯಾಗಿತ್ತು. ಊರಿನ ಹೆಸರು ಬದಲಾಗಿ ದಶಕಗಳಾದರೂ ಭೂವಿಜ್ಞಾನಿಗಳು ಇಲ್ಲಿನ 250 ಕೋಟಿ ವರ್ಷ ಹಳೆಯ ಬಂಡೆಗಳನ್ನು ಇವತ್ತಿಗೂ ಕ್ಲೋಸ್‌ಪೇಟ್ ಗ್ರಾನೈಟ್ ಎಂದೇ ಕರೆಯುತ್ತಾರೆ. ಮಾಗಡಿಯ ಒಂದೇ ಹೊಲ ಬೆಂಗಳೂರು ಜಿಲ್ಲೆಯಲ್ಲಿತ್ತು, 1986ರಿಂದ ಬೆಂಗಳೂರು ಗ್ರಾಮಾಂತರದಲ್ಲಿ, 2007ರಿಂದ ರಾಮನಗರದಲ್ಲಿ. 2025ರಲ್ಲಿ ಸಚಿವ ಸಂಪುಟ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಿಡಲು ಒಪ್ಪಿತು. ಹೊಲ ಅಲ್ಲೇ ಇದೆ. ಇಷ್ಟು ಸಲ ಹೆಸರು ಬದಲಾದ ಕಡೆಯ ದಾಖಲೆಗಳನ್ನು ನಿಭಾಯಿಸುವ ಯಾವುದೇ ಹಳೆಯ ಪ್ರೋಗ್ರಾಮಿನಲ್ಲಿ ಯಾರಿಗೂ ಅರ್ಥವಾಗದ ಒಂದೆರಡು ಸಾಲುಗಳು ಉಳಿದಿರುತ್ತವೆ ಎಂದು ಊಹಿಸಲು ಜಾಣತನ ಬೇಕಿಲ್ಲ: 'ಹಳೆಯ ಜಿಲ್ಲಾ ಸಂಖ್ಯೆ ಇಂಥದ್ದಾಗಿದ್ದು, ವ್ಯತ್ಯಾಸ 4 ಗುಂಟೆಗಿಂತ ಕಡಿಮೆ ಇದ್ದರೆ ತಡೆಯಬೇಡ' ಎಂಬಂಥ ಸಾಲು.

ಇಂಥ ಪ್ರೋಗ್ರಾಮುಗಳನ್ನು ಮುಂದಿನ ವರ್ಷಗಳಲ್ಲಿ ಏಜೆಂಟುಗಳ ಸಹಾಯದಿಂದಲೇ ಹೊಸದಾಗಿ ಬರೆಯುತ್ತಾರೆ. ಏಜೆಂಟ್ ಆ ಸಾಲನ್ನು ಕಾಣುತ್ತದೆ, ಅದನ್ನು ಯಾವುದೂ ಈಗ ಕರೆಯುತ್ತಿಲ್ಲ ಅಥವಾ ಅಪರೂಪಕ್ಕೆ ಕರೆಯುತ್ತದೆ ಎಂದು ನಕ್ಷೆ ನೋಡಿ ಸರಿಯಾಗಿಯೇ ಹೇಳುತ್ತದೆ. ಪಕ್ಕದಲ್ಲಿ ಒಂದು ಟಿಪ್ಪಣಿ ಬರೆಯುತ್ತದೆ: ಹಳೆಯ ತಾತ್ಕಾಲಿಕ ವಿನಾಯಿತಿ, ತೆಗೆಯಬಹುದು. ಆ ಸಾಲು ಯಾವುದೋ ತಹಶೀಲ್ದಾರರು ಸ್ಥಳ ನೋಡಿ, ಖರಾಬು ಎರಡು ಸಲ ಕಳೆದುಹೋಗಿದೆ ಎಂದು ಕಂಡುಕೊಂಡು, ಊರಿನವರ ಮಾತು ಕೇಳಿ ಹಾಕಿಸಿದ್ದಿರಬಹುದು. ಯಾರದೋ ಶಿಫಾರಸಿಗೆ ಮಣಿದು ತೆರೆದ ಕಳ್ಳಗಿಂಡಿಯೂ ಇರಬಹುದು. ಬೆಂಗಳೂರಿನ ಯಾವುದೋ ಮಹಡಿಯಲ್ಲಿ, ಕನಕಪುರದ ಕಡೆಯ ಹುಡುಗಿಯೊಬ್ಬಳ ಪರದೆಯ ಮೇಲೆ ಆ ಟಿಪ್ಪಣಿ ಬಂದು ನಿಂತಿದೆ, ಕೆಳಗೆ ಒಪ್ಪಿಗೆಯ ಗುಂಡಿ. ಅವಳು ಕಚೇರಿಗೆ ಪತ್ರ ಬರೆದು ಕೇಳಬಹುದು. ಆದರೆ ಅವತ್ತು ಅವಳ ಮುಂದೆ ಅಂಥ 300 ಟಿಪ್ಪಣಿಗಳಿವೆ, ಸಂಜೆ ಆರಕ್ಕೆ ಬಸ್ಸು.